“ಒಂದೇ ಹೆಸರು ಹೇಳಿ ಸಾಕು” ಎನ್ನುವವರಿಗೆ

“ಸರ್, ಒಳ್ಳೆಯ ಮದರ್‌ಬೋರ್ಡ್ ಯಾವುದು? ವಿವರವೆಲ್ಲ ಬೇಡ, ಒಂದೇ ಹೆಸರು ಹೇಳಿ ಸಾಕು.” ನಾನು ಕಂಪ್ಯೂಟರ್ ಜೋಡಿಸುವವನೆಂದು ತಿಳಿದವರು ಮದುವೆಮನೆಯ ಪಂಕ್ತಿಯಲ್ಲಿ ಕುಳಿತಾಗಲೂ ಇದನ್ನೇ ಕೇಳುತ್ತಾರೆ, ಎಲೆಗೆ ಪಾಯಸ ಬರುವುದರೊಳಗೆ ಉತ್ತರ ಮುಗಿದಿರಬೇಕೆಂದು ಬಯಸುತ್ತಾರೆ. ಪ್ರೊಸೆಸರ್, ಡಿಸ್ಕು, ಕಾರ್ಡು ಎಲ್ಲವನ್ನೂ ಜೋಡಿಸುವ ಮುಖ್ಯ ಹಲಗೆಯೇ ಮದರ್‌ಬೋರ್ಡ್, ಆದ್ದರಿಂದ ಕೇಳುವುದರಲ್ಲಿ ತಪ್ಪಿಲ್ಲ. “ವಿವರ ಬೇಡ” ಎಂಬ ಮಾತು ಮಾತ್ರ ನನಗೆ ಸಿಟ್ಟು ತರಿಸುತ್ತದೆ.

ಸ್ವಲ್ಪ ಓದಿಕೊಂಡ ಹವ್ಯಾಸಿಗಳು ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳುತ್ತಾರೆ: “ಹದಿನಾರು ಫೇಸ್ ಇದೆ, ನಾಲ್ಕು ಎಂ.2 ಇದೆ, ಒಳ್ಳೆಯದೇ ತಾನೆ?” ಫೇಸ್‌ಗಳ ವಿಷಯವನ್ನು ಮೊದಲು ಮುಗಿಸುತ್ತೇನೆ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸುವ ಭಾಗವೇ ವಿಆರ್‌ಎಂ; ಆ ಭಾರವನ್ನು ಹಂಚಿಕೊಂಡು ಹೊರುವ ಅದರ ಒಂದೊಂದು ಹಂತವೇ ಫೇಸ್. ಎಎಂಡಿ ಕಂಪನಿಯ ಪ್ರೊಸೆಸರ್ ರೈಜನ್ 9 7950ಎಕ್ಸ್ ತನ್ನ ಮೂಲ ಮಿತಿಯಾದ 230 ವಾಟ್ ಮುಟ್ಟಿದಾಗ ಈ ಭಾಗ ಹತ್ತಿರ ಹತ್ತಿರ 180 ಆಂಪಿಯರ್ ಹೊರಬೇಕಾಗುತ್ತದೆ; ರೈಜನ್ 5 7600ರ ಮಿತಿ 88 ವಾಟ್ ಆದ್ದರಿಂದ ಅದಕ್ಕೆ 70 ಆಂಪಿಯರಿನ ಆಸುಪಾಸು ಸಾಕು. ಎರಡನೆಯದನ್ನು ಕೊಳ್ಳುವವರು ಹದಿನಾರು ಫೇಸ್‌ಗಳಿಗೆ ದುಡ್ಡು ಸುರಿಯುವುದು ವ್ಯರ್ಥ. ಮೇಲಾಗಿ, ಒಂದೇ ಸಂಕೇತಕ್ಕೆ ಎರಡೆರಡು ಹಂತಗಳನ್ನು ಕಟ್ಟಿ ಅವನ್ನು ಹದಿನಾರು ಎಂದು ಎಣಿಸುವ ರೂಢಿಯೂ ಇದೆ. ಅದರಿಂದ ಭಾರ ಹಂಚಿಕೆಯಾಗುವುದು ನಿಜವಾದರೂ, ಬರಿಯ ಸಂಖ್ಯೆಯನ್ನು ಹಿಡಿದು ಎರಡು ಬೋರ್ಡುಗಳನ್ನು ತೂಗಲಾಗದು. ಪ್ರತಿ ಹಂತದ ಆಂಪಿಯರ್ ಎಷ್ಟು, ಅದರ ಮೇಲಿರುವ, ಬಿಸಿ ಹೀರುವ ಹೀಟ್‌ಸಿಂಕ್ ನಿಜವಾದ ಲೋಹದ ಗಟ್ಟಿಯೇ ಅಥವಾ ಅಲಂಕಾರದ ಹೊದಿಕೆಯೇ, ಅರ್ಧ ಗಂಟೆ ಪೂರ್ಣ ಭಾರ ಹೊತ್ತ ಮೇಲೆ ಅಳೆದ ಉಷ್ಣಾಂಶ ಎಷ್ಟು ಎಂಬುದನ್ನು ನೋಡಬೇಕು. ಆ ಅಳತೆಯನ್ನು ತಂಪಾದ ಕೋಣೆಯಲ್ಲಿ ಮಾಡಿರುತ್ತಾರೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಕಲಬುರಗಿಯವರು ಕೋಣೆಯ ಆ ವ್ಯತ್ಯಾಸವನ್ನು ತಾವೇ ಕೂಡಿಸಿಕೊಳ್ಳಬೇಕು.

ಇನ್ನು ಎಂ.2, ಅಂದರೆ ಚಿಪ್ಪುಗಳಲ್ಲೇ ದತ್ತಾಂಶ ಉಳಿಸುವ ತೆಳು ಎಸ್‌ಎಸ್‌ಡಿಯನ್ನು ಕೇಬಲ್ಲಿಲ್ಲದೆ ನೇರವಾಗಿ ಬೋರ್ಡಿಗೇ ಸಿಕ್ಕಿಸುವ ಸ್ಲಾಟು. ಶಿರಸಿಯ ನನ್ನ ಗೆಳೆಯನೊಬ್ಬ ರಾತ್ರಿ ಹನ್ನೊಂದರ ಮೇಲೆ ಫೋನು ಮಾಡಿ, “ಮಾರಾಯಾ, ಎರಡೂ ಹಾರ್ಡ್‌ಡಿಸ್ಕ್ ಒಟ್ಟಿಗೇ ಸತ್ತುಹೋದವು” ಎಂದ. ಅವನ ತಂದೆ ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿಟ್ಟಿದ್ದ ತಾಳಮದ್ದಳೆಗಳನ್ನು ಅವನು ವರ್ಷಗಟ್ಟಲೆ ಕುಳಿತು ಕಂಪ್ಯೂಟರಿಗೆ ಇಳಿಸಿದ್ದ. ಒಂದು ಡಿಸ್ಕಿನಲ್ಲಿ ಮೂಲ, ಇನ್ನೊಂದರಲ್ಲಿ ಪ್ರತಿ. ಎರಡೂ ಒಂದೇ ಸಂಜೆ ಹೋದವೆಂದರೆ ಅವನ ಧ್ವನಿ ನಡುಗಿದ್ದರಲ್ಲಿ ಆಶ್ಚರ್ಯವಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ದತ್ತಾಂಶ ಮರಳಿ ತೆಗೆದುಕೊಡುವವರ ಬಳಿಗೆ ಡಿಸ್ಕುಗಳನ್ನು ಒಯ್ಯುವುದೆಂದು ನಿರ್ಧರಿಸಿದ್ದ. ಸಂಜೆ ಹೊಸದಾಗಿ ಏನಾದರೂ ಜೋಡಿಸಿದೆಯಾ ಎಂದು ಕೇಳಿದೆ. ಎರಡನೆಯ ಎಂ.2 ಸ್ಲಾಟಿಗೆ ಒಂದು ಎಸ್‌ಎಸ್‌ಡಿ ಹಾಕಿದ್ದನಂತೆ. ಬೋರ್ಡಿನ ಕೈಪಿಡಿಯನ್ನು ಇಳಿಸಿಕೊಂಡು ನೋಡಿದೆ: ಆ ಸ್ಲಾಟ್ ಬಳಸಿದರೆ ಸಾಟಾ (ಡಿಸ್ಕಿನ ಕೇಬಲ್ ಸಿಕ್ಕಿಸುವ ಕಿಂಡಿ) 5 ಮತ್ತು 6 ಕೆಲಸ ಮಾಡುವುದಿಲ್ಲ ಎಂದು ಕೋಷ್ಟಕವೊಂದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದರು. ಕೇಬಲ್ಲುಗಳನ್ನು 1 ಮತ್ತು 2ಕ್ಕೆ ಬದಲಿಸಲು ಹೇಳಿದೆ. ಎರಡು ಡಿಸ್ಕುಗಳೂ ಕಾಣಿಸಿಕೊಂಡವು. ಪೆಟ್ಟಿಗೆಯ ಮೇಲೆ ಎರಡು ಎಂ.2, ಆರು ಸಾಟಾ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಎಲ್ಲವೂ ಏಕಕಾಲಕ್ಕೆ ಸಿಗುವುದಿಲ್ಲವೆಂದು ಅಲ್ಲಿ ಎಲ್ಲಿಯೂ ಇರಲಿಲ್ಲ.

ಆದ್ದರಿಂದ “ಇದರಲ್ಲಿ ಏನೇನಿದೆ” ಎಂದು ಕೇಳುವ ಬದಲು, “ಒಂದನ್ನು ಬಳಸಿದರೆ ಯಾವುದು ನಿಂತುಹೋಗುತ್ತದೆ” ಎಂದು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದೇನೆ. ಅದಕ್ಕಾದರೆ ಪಂಕ್ತಿ ಎದ್ದ ಮೇಲೂ ಕುಳಿತು ಉತ್ತರಿಸುತ್ತೇನೆ. 2022ರಲ್ಲಿ ಬಂದ, ಎಎಂಡಿ ಪ್ರೊಸೆಸರುಗಳನ್ನು ಬೋರ್ಡಿನಲ್ಲಿ ಕೂರಿಸುವ ಎಎಂ5 ಸಾಕೆಟನ್ನೇ ತೆಗೆದುಕೊಳ್ಳಿ. ರೈಜನ್ 7000 ಸಾಲಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ 28 ಪಿಸಿಐಇ ಲೇನುಗಳು, ಅಂದರೆ ದತ್ತಾಂಶ ಓಡಾಡುವ ದಾರಿಗಳು, ಇವೆ. ಅವುಗಳಲ್ಲಿ ನಾಲ್ಕು, ಬೋರ್ಡಿನ ಉಳಿದ ಕಿಂಡಿಗಳನ್ನು ನಿಭಾಯಿಸುವ ಚಿಪ್‌ಸೆಟ್ಟಿಗೆ ಹೋಗುತ್ತವೆ, ಉಳಿದ 24ರಲ್ಲಿ 16 ಗ್ರಾಫಿಕ್ಸ್ ಕಾರ್ಡಿಗೆ ಮೀಸಲು. ದುಬಾರಿಯಾದ ಎಕ್ಸ್670 ಚಿಪ್‌ಸೆಟ್ ಎಂದರೆ ಅದಕ್ಕಿಂತ ಅಗ್ಗದ ಬಿ650ಯಲ್ಲಿರುವ ಚಿಪ್ಪನ್ನೇ ಎರಡು ಸಲ ಸಾಲಾಗಿ ಜೋಡಿಸಿದ್ದು. ಕಿಂಡಿಗಳು ಹೆಚ್ಚುತ್ತವೆ, ಆದರೆ ಅವುಗಳಿಗೆ ಜೋಡಿಸಿದ್ದೆಲ್ಲವೂ ಪ್ರೊಸೆಸರನ್ನು ತಲುಪುವುದು ಅದೇ ನಾಲ್ಕು ಲೇನುಗಳ, ಸೆಕೆಂಡಿಗೆ ಸುಮಾರು 8 ಗಿಗಾಬೈಟಿನ ದಾರಿಯಲ್ಲಿ. ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದರೆ ಗ್ರಾಫಿಕ್ಸ್ ಸ್ಲಾಟಿನ 16 ಲೇನುಗಳು 8ಕ್ಕೆ ಇಳಿಯುತ್ತವೆ. ರ‍್ಯಾಮ್ ವಿಷಯವೂ ಹಾಗೆಯೇ. ಇದೇ ಪ್ರೊಸೆಸರುಗಳಿಗೆ ಎಎಂಡಿ ಹೇಳಿರುವ ವೇಗ ಎರಡು ಸ್ಟಿಕ್ ಇದ್ದರೆ ಡಿಡಿಆರ್5-5200, ನಾಲ್ಕೂ ಸ್ಲಾಟ್ ತುಂಬಿದರೆ 3600. ಈಗ ಎರಡು 8 ಜಿಬಿ ಹಾಕಿ ಮುಂದೆ ಇನ್ನೆರಡು ಸೇರಿಸುತ್ತೇನೆ ಎನ್ನುವವರಿಗೆ, ಈಗಲೇ 16 ಜಿಬಿಯ ಎರಡನ್ನು ಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ದೀಪಗಳ ಬಣ್ಣದ ಬಗ್ಗೆ ನನಗೆ ಅಭಿಪ್ರಾಯವಿಲ್ಲ. ಆದರೆ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸ್ (ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಹೊಸದಾಗಿಸುವ ಗುಂಡಿ ಇಲ್ಲದ ಬೋರ್ಡನ್ನು ನಾನು ಕೊಳ್ಳುವುದಿಲ್ಲ. 2022ರಲ್ಲಿ ತಯಾರಾಗಿ ಅಂಗಡಿಯಲ್ಲೇ ಕುಳಿತಿದ್ದ ಬೋರ್ಡಿಗೆ 2024ರ ರೈಜನ್ 9000 ಹಾಕಿದರೆ ಹಳೆಯ ಬಯಾಸ್ ಅದನ್ನು ಗುರುತಿಸದೆ ಪರದೆ ಕತ್ತಲೆಯಾಗಿಯೇ ಉಳಿಯುತ್ತದೆ; ಆ ಗುಂಡಿಯಿದ್ದರೆ ಬಯಾಸ್ ಬದಲಿಸಲು ಹಳೆಯ ಪ್ರೊಸೆಸರನ್ನು ಯಾರಿಂದಲೋ ಎರವಲು ತರಬೇಕಾಗಿಲ್ಲ. ತೊಂದರೆ ರ‍್ಯಾಮಿನದೋ ಪ್ರೊಸೆಸರಿನದೋ ಎಂದು ತೋರಿಸುವ ನಾಲ್ಕು ಪುಟ್ಟ ಎಲ್‌ಇಡಿಗಳೂ ನನಗೆ ಅಷ್ಟೇ ಮುಖ್ಯ.

ನನ್ನನ್ನು ಕೇಳುವವರು ಇನ್ನು ಮುಂದೆ ಮೂರು ಸಂಗತಿ ಬರೆದು ಕಳುಹಿಸಿ: ಯಾವ ಪ್ರೊಸೆಸರ್, ಒಟ್ಟು ಎಷ್ಟು ಡಿಸ್ಕುಗಳು, ಗ್ರಾಫಿಕ್ಸ್ ಕಾರ್ಡಿನ ಜೊತೆಗೆ ಬೇರೆ ಯಾವ ಕಾರ್ಡು. ಕೊಳ್ಳಬೇಕೆಂದಿರುವ ಬೋರ್ಡಿನ ಕೈಪಿಡಿಯನ್ನು ತಯಾರಕರ ತಾಣದಿಂದ ಇಳಿಸಿಕೊಂಡು, ಸ್ಲಾಟುಗಳ ಕೋಷ್ಟಕವಿರುವ ಪುಟದ ಸಂಖ್ಯೆಯನ್ನೂ ತಿಳಿಸಿ. ಆ ಪುಟವನ್ನು ನಾನೂ ತೆರೆದಿಟ್ಟುಕೊಂಡು ನಿಮಗೆ ಫೋನು ಮಾಡುತ್ತೇನೆ.