ಅಂಗಾಲಿನ ಮಚ್ಚೆ ತಲೆಗೆ ಹೇಗೆ ಏರಿತು?

ಅಂಗಾಲಿನ ಮಚ್ಚೆಯಲ್ಲಿ ಶುರುವಾದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಮಿದುಳಿಗೆ ಹರಡಿ ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಊಟದ ಪಂಕ್ತಿಯಲ್ಲಿ ಸಾರಿಗೂ ಮಜ್ಜಿಗೆಗೂ ನಡುವೆ ಜನ ಇನ್ನೂ ಕೇಳುತ್ತಾರೆ: "ಅಲ್ಲಮ್ಮಾ, ಅಂಗಾಲಿನ ಮಚ್ಚೆ ತಲೆಗೆ ಹೇಗೆ ಏರಿತು?" ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅದು ಏರಲಿಲ್ಲ. ಏರುವುದು ಹಾವಿನ ವಿಷ, ಪಿತ್ತ, ಸಿಟ್ಟು. ಮೆಲನೋಮಾ ಪಾದದಿಂದ ಮೊಣಕಾಲಿಗೆ, ಅಲ್ಲಿಂದ ಸೊಂಟಕ್ಕೆ ಎಂದು ಮೆಟ್ಟಿಲು ಹತ್ತುವ ಕಾಯಿಲೆಯಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಈ ಕ್ಯಾನ್ಸರ್ ಆಳಕ್ಕಿಳಿದು ರಕ್ತನಾಳವನ್ನೋ ದುಗ್ಧರಸದ ನಾಳವನ್ನೋ ಹೊಕ್ಕರೆ, ರಕ್ತ ಹರಿಯುವ ಕಡೆಗೆಲ್ಲ ಅದಕ್ಕೆ ದಾರಿ. ಹೊರಟ ಕೋಶಗಳಲ್ಲಿ ಬಹುಪಾಲು ಸತ್ತೇ ಹೋಗುತ್ತವೆ. ಕೆಲವು ಮಿದುಳಿನಲ್ಲಿ ಕೂದಲೆಳೆಗಿಂತ ಸಣ್ಣ ನಾಳಗಳು ಕವಲೊಡೆಯುವಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತದಲ್ಲಿದ್ದದ್ದೆಲ್ಲ ಮಿದುಳಿಗೆ ನುಗ್ಗದಂತೆ ಆ ನಾಳಗಳ ಗೋಡೆ ಬಲು ಬಿಗಿ. ಅದನ್ನೂ ನುಸುಳಿ ಹೊರಬಂದ ಕೋಶ ನಾಳವನ್ನು ಬಿಟ್ಟು ದೂರ ಹೋಗುವುದಿಲ್ಲ. ಮೆಣಸಿನ ಬಳ್ಳಿ ಅಡಿಕೆ ಮರವನ್ನು ತಬ್ಬುವ ಹಾಗೆ ಅದರ ಹೊರಮೈಯನ್ನು ತಬ್ಬಿಯೇ ಬೆಳೆಯುತ್ತದೆ. ವಿಜ್ಞಾನಿಗಳು ಇದನ್ನು ಬದುಕಿರುವ ಇಲಿಗಳ ಮಿದುಳಿನಲ್ಲಿ ಸೂಕ್ಷ್ಮದರ್ಶಕದಿಂದ ದಿನದಿನವೂ ನೋಡಿದ್ದಾರೆ.

ಮಿದುಳು ಸುಮ್ಮನಿರುವುದಿಲ್ಲ. ಆಸ್ಟ್ರೋಸೈಟ್ ಎಂಬ ಕಾವಲಿನ ಕೋಶಗಳು ಮೇಲೆ ಬೀಳುತ್ತವೆ. ಮೆಲನೋಮಾ ಆಗ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನನ್ನು ಒಸರಿ ಆ ಕಾವಲನ್ನು ಮಂಕು ಮಾಡುತ್ತದೆ ಎಂದು 2022ರಲ್ಲಿ ನ್ಯೂಯಾರ್ಕ್‌ನ ಸಂಶೋಧಕರು ತೋರಿಸಿದರು. ಆಲ್ಜೈಮರ್ ಕಾಯಿಲೆಯ ಸುದ್ದಿಯಲ್ಲಿ ನಾವು ಓದುವ ಪ್ರೋಟೀನೇ ಇದು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಅಪ್ಪನ ಬಲಗೈ ಮೊದಲ ಸಲ ತಡವರಿಸಿದ ಬೆಳಿಗ್ಗೆಯೇ ಕಣ್ಣ ಮುಂದೆ ಬರುತ್ತಿತ್ತು.

ಇಷ್ಟು ಹೇಳಿದರೂ ಕೆಲವರಿಗೆ ಸಮಾಧಾನವಿಲ್ಲ. ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ವೈಕುಂಠ ಸಮಾರಾಧನೆಯ ದಿನ ದೊಡ್ಡಮ್ಮನ ವರಸೆಯ ಒಬ್ಬರು ಹೋಳಿಗೆ ಮುರಿಯುತ್ತ, "ಪರೀಕ್ಷೆಗೆಂದು ಕತ್ತರಿ ಮುಟ್ಟಿಸಿದಿರಿ ನೋಡು, ಅದಕ್ಕೇ ಕೆರಳಿತು" ಎಂದರು. ಪಕ್ಕದಲ್ಲಿದ್ದ ಅಮ್ಮನ ಕೈಯಲ್ಲಿ ತುತ್ತು ಹಾಗೆಯೇ ನಿಂತಿತು. ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದ ಮೆಲನೋಮಾ ಹರಡುವುದಿಲ್ಲ. ಅದನ್ನು ಮಾಡಿಸದೆ ಕಾಯಿಲೆ ಏನೆಂದೇ ತಿಳಿಯುವುದಿಲ್ಲ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇನ್ನು ಕೆಲವರು, ಮಿದುಳಿಗೆ ಹೋದ ಮೇಲೆ ಚಿಕಿತ್ಸೆ ಏಕೆ ಕೊಡಿಸಿದಿರಿ ಎನ್ನುತ್ತಾರೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಮಿದುಳಿನಲ್ಲಿ 2015ರಲ್ಲಿ ಮೆಲನೋಮಾದ ನಾಲ್ಕು ಚುಕ್ಕೆಗಳಿದ್ದವು. ಆಗ ಅವರಿಗೆ 90 ವರ್ಷ. ವಿಕಿರಣ ಕೊಟ್ಟರು, ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಪೆಂಬ್ರೊಲಿಜುಮಾಬ್ ಎಂಬ ಔಷಧಿ ಕೊಟ್ಟರು; ಅವರು ನೂರು ವರ್ಷ ಬಾಳಿದರು. ಅಂಗಾಲಿನಲ್ಲಿ ಹುಟ್ಟುವ ಮೆಲನೋಮಾ ಈ ಔಷಧಿಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಅಪ್ಪನಿಗೆ ಅದು ಒಲಿಯಲಿಲ್ಲ. ಹಾಗೆಂದು ಕೊಡಿಸಿದ್ದು ತಪ್ಪಲ್ಲ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳಿಲ್ಲ: ಆ ಮಚ್ಚೆಯನ್ನು ಮೊದಲು ಕಂಡವರು ಯಾರು?

ಅಮ್ಮ. ನರಕ ಚತುರ್ದಶಿಯ ದಿನ ಎಣ್ಣೆ ಹಚ್ಚುವಾಗ ಕಂಡಳು. ಎಡ ಹಿಮ್ಮಡಿಯ ಹತ್ತಿರ, ಹುಣಸೆ ಬೀಜದಷ್ಟು, ಕಡುಕಪ್ಪು. ಒಂದು ಅಂಚು ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ. ನಮ್ಮಂಥ ಮೈಬಣ್ಣದವರಲ್ಲಿ ಈ ಕಾಯಿಲೆ ಹೆಚ್ಚಾಗಿ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಅಡಿಯಲ್ಲಿ ಬರುತ್ತದೆಂದು ಆಗ ನಮಗೆ ಯಾರಿಗೂ ತಿಳಿದಿರಲಿಲ್ಲ. ತೋಟದಲ್ಲಿ ಮುಳ್ಳು ಚುಚ್ಚಿದ್ದು ಎಂದರು ಅಪ್ಪ. ತೋರಿಸಿದಾಗ ವೈದ್ಯರು ಆಣಿ ಎಂದು ಪಟ್ಟಿ ಕೊಟ್ಟರು. ಹದಿನಾಲ್ಕು ತಿಂಗಳು ಅಮ್ಮ ಆ ಪಟ್ಟಿಯನ್ನು ಬಿಚ್ಚಿ, ಒರೆಸಿ, ಹೊಸದು ಅಂಟಿಸಿದಳು. "ಆಣಿಯಾದರೆ ಒತ್ತಿದಾಗ ನೋಯಬೇಕಲ್ಲವೇನೇ, ಇವರಿಗೆ ನೋಯುವುದೇ ಇಲ್ಲ" ಎಂದು ಎರಡು ಸಲ ನನಗೆ ಹೇಳಿದ್ದಳು. ಎರಡು ಸಲವೂ ನಾನು ಮೊಬೈಲ್ ನೋಡುತ್ತಾ ಹೂಂ ಎಂದಿದ್ದೆ.