ಬೆಣ್ಣೆ ದೋಸೆ ಫೋಟೋ

ಕೆಲಸ ಕೇಳುವಾಗ ತೋರಿಸುವ ನನ್ನ ಫೋಟೋ ಸಂಗ್ರಹದಿಂದ, ಅಂದರೆ ಪೋರ್ಟ್‌ಫೋಲಿಯೊದಿಂದ, ಮದುವೆ ಫೋಟೋಗಳನ್ನು ತೆಗೆದುಹಾಕುತ್ತಿದ್ದೇನೆ. ಚೆನ್ನಾಗಿವೆ. ಆದರೆ ಹೋಟೆಲ್‌ನವರು, ಅಂಗಡಿಯವರು ನೋಡುವುದು ತಮ್ಮ ಮಾಲು ಹೇಗೆ ಕಾಣುತ್ತದೆ ಅಂತ, ಅಲ್ವಾ? ಹಾಗಾಗಿ ಯಾರಾದರೂ ಕೆಲಸ ಕೊಡಲಿ ಅಂತ ಕಾಯದೆ ನಾನೇ ಶೂಟ್ ಮಾಡುತ್ತಿದ್ದೇನೆ.

ಇವತ್ತು ನಮ್ಮ ದಾವಣಗೆರೆ ಬೆಣ್ಣೆ ದೋಸೆ. ಕಿಟಕಿ ಬೆಳಕು ಹಿಂದಿನಿಂದ ಓರೆಯಾಗಿ ಬೀಳಬೇಕು, ಕ್ಯಾಮೆರಾ ಕಡೆ ಆ ಬೆಳಕನ್ನು ವಾಪಸ್ ದೋಸೆ ಮೇಲೆ ಬೀಳಿಸಲು ಒಂದು ಬಿಳಿ ಥರ್ಮಾಕೋಲ್. ಆಗಲೇ ಗರಿಗರಿ ಅಂಚು, ಹಬೆ ಎರಡೂ ಎದ್ದು ಕಾಣುವುದು. ಫ್ರೇಮ್, ಫೋಕಸ್ ಎಲ್ಲ ಮೊದಲೇ ಸೆಟ್ ಮಾಡಿ ದೋಸೆಯನ್ನು ಕೊನೆಗೆ ತರಿಸಬೇಕು. ಬೆಣ್ಣೆ ಮುದ್ದೆ ಪೂರ್ತಿ ಕರಗಿದರೆ ಮುಗೀತು. ಸುತ್ತ ಮಾತ್ರ ಕರಗಿ ಹೊಳೆಯುವ ಆ ಗಳಿಗೆ ಸಿಗಬೇಕು. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಲು ಮಾಡುವ ಕ್ಯಾಮೆರಾ ಸೆಟ್ಟಿಂಗ್) ತಪ್ಪಿ ಬೆಣ್ಣೆ ಹಳದಿಯಾಗಲೂಬಾರದು.

ಇಷ್ಟು ಒಳ್ಳೆ ದೋಸೆ ಹುಯ್ಯುವವರ ಮೆನು ಕಾರ್ಡಿನಲ್ಲಿ ಇಂಟರ್ನೆಟ್‌ನ ಯಾವುದೋ ದೋಸೆ ಇದ್ದರೆ ಬೇಜಾರಾಗುತ್ತದೆ. ಮುಂದಿನದು ಮಂಡಕ್ಕಿ, ಮಿರ್ಚಿ.