ಲೋಮೆನ್‌ನಲ್ಲಿ ಏಳು ನಿಮಿಷ

ಡ್ರೆಸ್ಡನ್, ಜರ್ಮನಿ, 3 ಜೂನ್ 2023, ಶನಿವಾರ ರಾತ್ರಿ

ಗಂಟೆ ಒಂಬತ್ತಾಯಿತು, ಆಚೆ ಇನ್ನೂ ಬೆಳಕಿದೆ. ಹೋಟೆಲ್ ಕಿಟಕಿಯಿಂದ ಎಲ್ಬೆ ನದಿಯ ಒಂದು ತುಂಡು ಕಾಣುತ್ತದೆ. ಇವರು ಆಗಲೇ ಮಲಗಿದ್ದಾರೆ. ನನಗೂ ಕಾಲು ನೋವು. ಆದರೆ ಇವತ್ತಿನದನ್ನು ಇವತ್ತೇ ಬರೆಯಬೇಕು.

ನಿನ್ನೆ ಮೈಸೆನ್‌ಗೆ ಹೋಗಿದ್ದೆವು. 1710ರಿಂದ ಅಲ್ಲಿ ಪಿಂಗಾಣಿ ಮಾಡುತ್ತಿದ್ದಾರೆ. ಪ್ರತಿ ತಟ್ಟೆಯ ಬೆನ್ನಿಗೆ ಎರಡು ನೀಲಿ ಕತ್ತಿಗಳ ಗುರುತು. ಒಬ್ಬ ಹೆಂಗಸು ಕೂದಲೆಳೆಯಂಥ ಕುಂಚದಲ್ಲಿ ಹೂವಿನ ಎಸಳು ಬರೆಯುತ್ತಿದ್ದರು. ನಾವು ಇಪ್ಪತ್ತಾರು ಜನ ಸುತ್ತ ನಿಂತಿದ್ದರೂ ಅವರ ಕೈ ನಡುಗಲಿಲ್ಲ.

ಇವತ್ತು ಬೆಳಿಗ್ಗೆ ಸ್ಟೀಮರ್. ಎರಡು ಬದಿಗೂ ದೊಡ್ಡ ಚಕ್ರ, ನೀರನ್ನು ಬಡಿಯುತ್ತಾ ಸಾಗುತ್ತದೆ. ಇಂಥ ಹಳೆಯ ಸ್ಟೀಮರ್‌ಗಳು ಇಲ್ಲಿ ಒಂಬತ್ತಿವೆ, ಎಲ್ಲಕ್ಕಿಂತ ಹಳೆಯದು 1879ರದು. ಎಂಜಿನ್ ಕಣ್ಣೆದುರೇ ಓಡುತ್ತಿರುತ್ತದೆ. ನಮ್ಮ ಗುಂಪಿನ ಮೈಸೂರಿನ ಮೇಷ್ಟ್ರು ಕಾಫಿಗೂ ಬರಲಿಲ್ಲ, ಅಲ್ಲೇ ನಿಂತುಬಿಟ್ಟರು.

ದಡ ಬಿಡುವಾಗ ಫ್ರೌಯೆನ್‌ಕಿರ್ಖೆಯ ಗುಮ್ಮಟ ಹಿಂದಕ್ಕೆ ಸರಿಯಿತು. 1945ರ ಫೆಬ್ರವರಿಯ ಬಾಂಬ್ ದಾಳಿಯಲ್ಲಿ ಊರೇ ಉರಿದು ಹೋಯಿತು. ಸತ್ತವರು ಸುಮಾರು 25,000 ಜನ. ಈ ಚರ್ಚ್ ಎರಡು ದಿನ ನಿಂತೇ ಇದ್ದು, 15ನೇ ತಾರೀಖು ಕುಸಿಯಿತು. ಕಲ್ಲಿನ ರಾಶಿ ಹಾಗೇ ಬಿದ್ದಿತ್ತು, ಐವತ್ತು ವರ್ಷ. ಆಮೇಲೆ ಹಳೆಯ ಕಲ್ಲುಗಳನ್ನೂ ಸೇರಿಸಿಕೊಂಡು ಮತ್ತೆ ಕಟ್ಟಿದರು, 2005ರಲ್ಲಿ ಮುಗಿಯಿತು. ಕಪ್ಪಗಿರುವುದು ಹಳೆಯ ಕಲ್ಲು, ಬೆಳ್ಳಗಿರುವುದು ಹೊಸದು. ಮೇಲಿನ ಚಿನ್ನದ ಶಿಲುಬೆ ಮಾಡಿದವರು ಲಂಡನ್ನಿನ ಒಬ್ಬ ಅಕ್ಕಸಾಲಿಗ. ಅವರ ಅಪ್ಪ ಅದೇ ದಾಳಿಯ ವಿಮಾನದಲ್ಲಿದ್ದವರು. ಗೈಡ್ ಇದನ್ನು ಹೇಳಿದಾಗ ಯಾರೂ ಮಾತಾಡಲಿಲ್ಲ.

ನದಿಯ ದಂಡೆಗೆ ದ್ರಾಕ್ಷಿ ತೋಟ, ಅರಮನೆಗಳು, ಆಮೇಲೆ 'ನೀಲಿ ಅಚ್ಚರಿ' ಎಂಬ ಹೆಸರಿನ 1893ರ ಕಬ್ಬಿಣದ ಸೇತುವೆ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನನ್ನ ಮನಸ್ಸು ಮಾತ್ರ ಆಗಲೇ ಪಿಲ್‌ನಿಟ್ಸ್ ಅರಮನೆ ಸೇರಿಬಿಟ್ಟಿತ್ತು.

ಯಾಕೆ ಅಂತ ಹೇಳಬೇಕು. ನಾನು ಬೆಳೆದದ್ದು ಲಾಲ್‌ಬಾಗ್ ಪಕ್ಕದಲ್ಲಿ. ಮನೆಯಿಂದ ಹತ್ತು ಹೆಜ್ಜೆ ಹಾಕಿದರೆ ಕ್ರುಂಬಿಗಲ್ ರಸ್ತೆ. ಚಿಕ್ಕವಳಿದ್ದಾಗ ಅದು ಯಾವುದೋ ಕಲ್ಲಿನ ಹೆಸರು ಅಂದುಕೊಂಡಿದ್ದೆ. ಒರೆಗಲ್ಲು, ಮೈಲಿಗಲ್ಲು ಇದ್ದ ಹಾಗೆ ಕ್ರುಂಬಿಗಲ್ಲು. ಲಾಲ್‌ಬಾಗ್‌ನಲ್ಲಿ ಅಷ್ಟು ದೊಡ್ಡ ಬಂಡೆಯೂ ಇದೆಯಲ್ಲ! ಅದು ಒಬ್ಬ ಮನುಷ್ಯರ ಹೆಸರು ಅಂತ ಅಪ್ಪ ಹೇಳಿದಾಗ ನನಗೆ ಎಂಟು ವರ್ಷವಿರಬೇಕು.

ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಹುಟ್ಟಿದ್ದು 1865ರಲ್ಲಿ, ಡ್ರೆಸ್ಡನ್ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆ ಕಲಿತದ್ದು ಇದೇ ಪಿಲ್‌ನಿಟ್ಸ್‌ನಲ್ಲಿ. ಆಮೇಲೆ ಲಂಡನ್ನಿನ ಕ್ಯೂ ತೋಟ, ಅಲ್ಲಿಂದ ಬರೋಡ, 1908ರಲ್ಲಿ ಲಾಲ್‌ಬಾಗ್. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಹೂ ಬಿಡಬೇಕು, ವರ್ಷವಿಡೀ ಬಣ್ಣ ಆರಬಾರದು ಅಂತ ಲೆಕ್ಕ ಹಾಕಿ ನೆಡಿಸಿದವರು. 1956ರಲ್ಲಿ ತೀರಿಕೊಂಡದ್ದೂ ನಮ್ಮ ಬೆಂಗಳೂರಿನಲ್ಲೇ. ಲಾಲ್‌ಬಾಗ್‌ನಲ್ಲಿ ಅವರ ಹೆಸರಿನ ಹಾಲ್ 2017ರಲ್ಲಿ ನೆಲಸಮವಾದಾಗ ಮನೆಯವರೊಬ್ಬರಿಗೆ ಏಟಾದ ಹಾಗೆ ಸಂಕಟವಾಗಿತ್ತು.

ಪಿಲ್‌ನಿಟ್ಸ್ ಅರಮನೆ ಚೆನ್ನಾಗಿದೆ. ಆದರೆ ನಾನು ನೋಡಬೇಕಿದ್ದದ್ದು ಕಮೇಲಿಯಾ ಗಿಡವನ್ನು. ಗಿಡ ಅನ್ನುವುದು ತಪ್ಪು, ಮರವೇ. ಜಪಾನಿನ ಮೂಲದ್ದು, 1801ರಿಂದ ಇದೇ ಜಾಗದಲ್ಲಿದೆ. ಎತ್ತರ ಸುಮಾರು ಒಂಬತ್ತು ಮೀಟರ್. ಚಳಿಗಾಲಕ್ಕೆ ಇದಕ್ಕೆಂದೇ ಒಂದು ಗಾಜಿನ ಮನೆ, ಹಳಿಯ ಮೇಲೆ ಉರುಳಿ ಬಂದು ಮರವನ್ನು ಒಳಗೆ ಹಾಕಿಕೊಳ್ಳುತ್ತದೆ. ಈಗ ಬೇಸಿಗೆ, ಮನೆ ಪಕ್ಕಕ್ಕೆ ಸರಿದಿತ್ತು. ಹೂವಿನ ಕಾಲ ಏಪ್ರಿಲ್‌ಗೇ ಮುಗಿದಿದೆ, ಬರೀ ಹಸಿರು. 1905ರ ಚಳಿಯಲ್ಲಿ ಆಗಿನ ಮರದ ಮನೆಗೆ ಬೆಂಕಿ ಬಿತ್ತಂತೆ. ಆರಿಸಲು ಎರಚಿದ ನೀರು ಎಲೆಗಳ ಮೇಲೇ ಹೆಪ್ಪುಗಟ್ಟಿತು. ಆ ಮಂಜಿನ ಹೊದಿಕೆಯೇ ಗಿಡವನ್ನು ಉಳಿಸಿತು.

ಇಲ್ಲಿ ತೋಟಗಾರಿಕೆ ಕಲಿತ ಹುಡುಗ ಈ ಗಿಡ ನೋಡದೆ ಇದ್ದಾನಾ? ಕಂಬಿಯ ಪಕ್ಕ ಎಷ್ಟು ಹೊತ್ತು ನಿಂತೆನೋ. ಇವರು ಬಂದು, "ಬಸ್ ಹೊರಡುತ್ತೆ ಕಣೇ" ಅಂದರು.

ಬಸ್ಸಿನಲ್ಲಿ ಧೈರ್ಯ ಮಾಡಿ ಗೈಡ್ ಹತ್ತಿರ ಹೋದೆ. ಬಾಸ್ಟೈ ಬಂಡೆಗೆ ಹೋಗುವ ದಾರಿಯಲ್ಲೇ ಲೋಮೆನ್ ಸಿಗುತ್ತದೆ, ಐದು ನಿಮಿಷ ನಿಲ್ಲಿಸುತ್ತೀರಾ ಅಂತ ಕೇಳಿದೆ. ಅವರು ಕ್ರುಂಬಿಗಲ್ ಹೆಸರೇ ಕೇಳಿರಲಿಲ್ಲ. "ಕ್ರುಂಬೀಗೆಲ್?" ಅಂತ ತಮ್ಮ ರೀತಿಯಲ್ಲಿ ಎರಡು ಸಲ ಅಂದರು. ಡ್ರೈವರ್ ಗಡಿಯಾರ ತೋರಿಸಿದ. ಹಿಂದಿನ ಸೀಟಿನಿಂದ ಯಾರೋ, "ಆಂಟಿ, ಅಲ್ಲಿ ನೋಡೋಕೆ ಏನಿದೆ?" ಅಂದರು. ಆಗ ಮೇಷ್ಟ್ರು ಎದ್ದು ನಿಂತರು. "ಅಲ್ಲಮ್ಮ, ಬೃಂದಾವನದ ನಕ್ಷೆಗೂ ಅವರ ಕೈ ಸೇರಿದೆ. ನಮ್ಮ ಮೈಸೂರಿಗೂ ಬೇಕಾದವರು. ಇಷ್ಟು ದೂರ ಬಂದು ನಿಲ್ಲಿಸದೆ ಹೋಗೋದು ಸರಿಯಲ್ಲ." ಡ್ರೈವರ್‌ಗೆ ಕನ್ನಡ ಬರುವುದಿಲ್ಲ, ಆದರೂ ಒಪ್ಪಿದ.

ಏಳು ನಿಮಿಷ. ಚರ್ಚ್ ಗೋಪುರ ಕಾಣುವ ಕಡೆ ಬಸ್ ನಿಂತಿತು. ಕೆಂಪು ಹೆಂಚಿನ ಮನೆಗಳು, ಮುಂದೆ ಪುಟ್ಟ ತೋಟ, ಬೇಲಿಯ ಮೇಲೆ ಬಿಳಿ ಹೂವಿನ ಗೊಂಚಲು. ಬೇಲಿ ಕತ್ತರಿಸುತ್ತಿದ್ದ ಒಬ್ಬ ಅಜ್ಜ ನಮ್ಮನ್ನೆಲ್ಲಾ ನೋಡಿ ಕತ್ತರಿ ಕೆಳಗಿಟ್ಟರು. ಗೈಡ್ ಅವರಿಗೆ ಎಲ್ಲಾ ವಿವರಿಸಿದರು. ಅವರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಪ್ರಶ್ನೆ ಕೇಳಿದರು. ಗೈಡ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು: ಅವರು ನೆಟ್ಟ ಮರಗಳು ಇನ್ನೂ ಇವೆಯಾ?

ಇವೆ, ಅಂದೆ. ತುಂಬಾ ಇವೆ, ಅಂದೆ. ರಸ್ತೆ ಅಗಲ ಮಾಡುವಾಗ ಕಡಿದ ಮರಗಳ ವಿಷಯ ಗಂಟಲವರೆಗೆ ಬಂತು, ಹೇಳಲಾಗಲಿಲ್ಲ. ಅವರು ಮುಖ ಅರಳಿಸಿ ನನ್ನ ಕೈ ಹಿಡಿದು ಕುಲುಕಿದರು.

ಬಾಸ್ಟೈ ನೋಡಿದೆವು. ನದಿಯಿಂದ 194 ಮೀಟರ್ ಮೇಲೆ, ಮರಳುಗಲ್ಲಿನ ಕಂಬಗಳ ನಡುವೆ 1851ರ ಕಲ್ಲಿನ ಸೇತುವೆ. ಕೆಳಗೆ ನಮ್ಮ ಎಲ್ಬೆ ಒಂದು ರಿಬ್ಬನ್ ಹಾಗೆ. ನಿಜಕ್ಕೂ ಉಸಿರು ನಿಲ್ಲಿಸುವ ಜಾಗ. ಇಂಥ ಬಂಡೆಗಳ ಪಕ್ಕ ಹುಟ್ಟಿದವರು ಲಾಲ್‌ಬಾಗ್ ಬಂಡೆಯನ್ನು ಮೊದಲ ಸಲ ಹತ್ತಿದಾಗ ಏನು ಅನ್ನಿಸಿತೋ ಅಂತ ಯೋಚಿಸುತ್ತಿದ್ದೆ.

ವಾಪಸ್ ಬರುವಾಗ ಗೈಡ್ ನನ್ನ ಪಕ್ಕ ಕೂತು ಹೆಸರು, ಇಸವಿ ಎಲ್ಲಾ ಬರೆದುಕೊಂಡರು. ಇನ್ನು ಮೇಲೆ ಲೋಮೆನ್ ದಾಟುವಾಗ ಎಲ್ಲಾ ಗುಂಪಿಗೂ ಹೇಳುತ್ತಾರಂತೆ. ತೋರಿಸಲು ಒಂದು ಫೋಟೋ ಬೇಕು ಅಂದರು.

ತಮ್ಮನಿಗೆ ಮೆಸೇಜ್ ಹಾಕಿದ್ದೇನೆ. ಅಲ್ಲಿ ಈಗ ಮಧ್ಯರಾತ್ರಿ ದಾಟಿದೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಕ್ರುಂಬಿಗಲ್ ರಸ್ತೆಯ ಬೋರ್ಡ್ ಫೋಟೋ ತೆಗಿ, ಹಿಂದಿನ ಮರವೂ ಕಾಣಬೇಕು ಅಂತ.